ಸಂಪಾದಕರ ಉತ್ತರ: ಫ್ರೀಮಾಂಟಿಗೆ ಪೇಟೆಬೀದಿ ಯಾಕಿಲ್ಲ?

ದಾವಣಗೆರೆಯ ಟೀಚರ್ ಅವರಿಗೆ ನಮಸ್ಕಾರ.

ನಿಮ್ಮ ನಾಲ್ಕು ಪುಟದ ಪತ್ರ ಸಿಕ್ಕಿತು. ಪೂರ್ತಿ ಅಚ್ಚು ಹಾಕಲು ಜಾಗ ಸಾಲಲಿಲ್ಲ. ಉಳಿದ ಓದುಗರಿಗಾಗಿ ಅದರ ಸಾರ ಹೇಳುತ್ತೇನೆ. ನಿವೃತ್ತಿಯಾದ ಮೇಲೆ ನೀವು ಆರು ತಿಂಗಳ ಮಟ್ಟಿಗೆ ಕ್ಯಾಲಿಫೋರ್ನಿಯಾದ ಫ್ರೀಮಾಂಟಿಗೆ, ಮಗಳ ಮನೆಗೆ ಹೋಗಿದ್ದೀರಿ. ಮೂರನೇ ಕ್ಲಾಸಿನ ಮೊಮ್ಮಗನಿಗೆ ಶಾಲೆಯಲ್ಲಿ ‘ನಮ್ಮ ಊರು’ ಅಂತ ಬರೆದುಕೊಂಡು ಬರಲು ಹೇಳಿದ್ದಾರೆ. ಅವನು ‘ಅಜ್ಜೀ, ಏನು ಬರೀಲಿ?’ ಎಂದಾಗ ನಿಮಗೆ ಒಂದು ಮಾತೂ ಹೊಳೆಯಲಿಲ್ಲ. ‘ಈ ಊರಿಗೆ ನಡು ಅನ್ನೋದೇ ಇಲ್ಲ, ಪೇಟೆಬೀದಿ ಇಲ್ಲ. ಮನೆ, ರಸ್ತೆ, ಮತ್ತೆ ಮನೆ. ಕಂಪ್ಯೂಟರ್ ಕೆಲಸದವರು ರಾತ್ರಿ ಮಲಗೋಕೆ ಬರುವ ಜಾಗ ಅಷ್ಟೇ. ಇದಕ್ಕೆಂಥ ಚರಿತ್ರೆ?’ ಎಂದು ಕೇಳಿದ್ದೀರಿ.

ಟೀಚರ್, ನಾನೂ ಹಿಂದೊಮ್ಮೆ ತಮ್ಮನ ಮನೆಗೆ ಅಂತ ಹೋಗಿ ಅದೇ ಊರಲ್ಲಿ ಒಂದು ತಿಂಗಳು ಇದ್ದೆ. ಮೊದಲ ವಾರ ನನಗೂ ಹಾಗೇ ಅನ್ನಿಸಿತ್ತು. ಆಮೇಲೆ ಒಂದು ವಿಷಯ ಗೊತ್ತಾಯಿತು. ಅದು ಗೊತ್ತಾದ ಮೇಲೆ ಊರು ಬೇರೆಯೇ ಥರ ಕಂಡಿತು.

ಪೇಟೆಬೀದಿ ಇಲ್ಲ ಅಂದಿರಲ್ಲ, ಒಂದಲ್ಲ, ಐದು ಇದ್ದವು. ಫ್ರೀಮಾಂಟ್ ಹುಟ್ಟಿದ್ದು 1956ರ ಜನವರಿ 23ರಂದು. ಅದಕ್ಕೆ ಮೊದಲು ಅಲ್ಲಿ ಸೆಂಟರ್‌ವಿಲ್, ನೈಲ್ಸ್, ಇರ್ವಿಂಗ್ಟನ್, ಮಿಷನ್ ಸ್ಯಾನ್ ಹೋಸೆ, ವಾರ್ಮ್ ಸ್ಪ್ರಿಂಗ್ಸ್ ಎಂಬ ಐದು ಸಣ್ಣ ಊರುಗಳಿದ್ದವು. ಒಂದೊಂದಕ್ಕೂ ತನ್ನದೇ ಅಂಗಡಿ ಸಾಲು, ತನ್ನದೇ ಶಾಲೆ. ನಡುವೆ ಜಲ್ದರು (ಏಪ್ರಿಕಾಟ್) ಹಣ್ಣಿನ ತೋಟ, ತರಕಾರಿ ಹೊಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಆ ತೋಟಗಳನ್ನು ಕಡಿದು ಲೇಔಟ್ ಮಾಡುವವರು ಬಂದರು. ಪಕ್ಕದ ಹೇವರ್ಡ್ ಪಟ್ಟಣವೂ ಇತ್ತ ಕಡೆ ಕೈಚಾಚುತ್ತಿತ್ತು. ಬೇರೆಯವರು ಬಂದು ಸೇರಿಸಿಕೊಳ್ಳುವ ಮೊದಲು ನಾವೇ ಒಂದಾಗೋಣ ಎಂದು ಐದೂ ಊರಿನವರು ಮತ ಹಾಕಿ ಒಂದಾದರು. ನೆರೆಯ ನ್ಯೂವಾರ್ಕ್ ಮಾತ್ರ ಒಪ್ಪಲಿಲ್ಲ. ಅದು 1955ರಲ್ಲೇ ಬೇರೆ ನಗರವಾಗಿತ್ತು. ಇವತ್ತು ನಕ್ಷೆ ತೆಗೆದು ನೋಡಿ, ಸುತ್ತ ಫ್ರೀಮಾಂಟ್, ಒಳಗೆ ನ್ಯೂವಾರ್ಕ್ ಕೂತಿದೆ. ಮೊಮ್ಮಗನಿಗೆ ಅದನ್ನು ತೋರಿಸಿ, ಖಂಡಿತ ಇಷ್ಟಪಡುತ್ತಾನೆ.

ನಿಮಗೆ ಇದು ಹೊಸದೇನಲ್ಲ. 1962ರಲ್ಲಿ ಹುಬ್ಬಳ್ಳಿ-ಧಾರವಾಡಕ್ಕೆ ಒಂದೇ ಮಹಾನಗರಪಾಲಿಕೆ ಆಯಿತು. ಆದರೂ ಧಾರವಾಡದವರನ್ನು ‘ನೀವು ಹುಬ್ಬಳ್ಳಿಯವರಾ?’ ಎಂದು ಕೇಳಿ ನೋಡಿ! ನೈಲ್ಸ್‌ನ ಹಳಬರೂ ಹಾಗೇ. ಮೊದಲು ನೈಲ್ಸ್ ಅನ್ನುತ್ತಾರೆ, ಆಮೇಲೆ ಫ್ರೀಮಾಂಟ್.

ನಡು ಯಾಕಿಲ್ಲ ಎಂಬ ನಿಮ್ಮ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ನಮ್ಮ ಊರುಗಳಲ್ಲಿ ಗುಡಿ, ಸಂತೆ, ಕೋಟೆ ಮೊದಲು ಬರುತ್ತವೆ. ಅದರ ಸುತ್ತ ಊರು ಬೆಳೆಯುತ್ತದೆ. ನಡು ಹಳೆಯದು, ಹೊರವಲಯ ಹೊಸದು. ಫ್ರೀಮಾಂಟಿನಲ್ಲಿ ಇದು ತಿರುಗಾಮುರುಗಾ. ಅಂಚಿನ ಐದು ಊರುಗಳೇ ಹಳೆಯವು. ನಡುವೆ ಖಾಲಿ ಹೊಲ ಇದ್ದ ಕಡೆ, ಇಲ್ಲಿ ಊರಿನ ಮಧ್ಯ ಇರಲಿ ಎಂದು ನಕ್ಷೆಯ ಮೇಲೆ ಗೀಟು ಎಳೆದರು. 1972ರಲ್ಲಿ ಬಾರ್ಟ್ ಎಂಬ ಲೋಕಲ್ ರೈಲು ಬಂದು ನಿಂತದ್ದೂ ಆ ಭಾಗದಲ್ಲೇ. ನಿಮ್ಮ ಮಗಳ ಮನೆ ಆ ನಿಲ್ದಾಣದ ಹತ್ತಿರ ಎಂದು ಬರೆದಿದ್ದೀರಿ. ಅಂದರೆ ನೀವು ಇರುವುದು ಊರಿನ ಅತಿ ಹೊಸ ಜಾಗದಲ್ಲಿ. ಹಳೆಯದು ಕಾಣಬೇಕಾದರೆ ಅಂಚಿಗೆ ಹೋಗಬೇಕು.

ಮೊದಲು ಪೂರ್ವದ ಗುಡ್ಡದ ಬುಡದಲ್ಲಿರುವ ಮಿಷನ್ ಸ್ಯಾನ್ ಹೋಸೆಗೆ ಹೋಗಿ. 1797ರಲ್ಲಿ ಸ್ಪೇನಿನ ಪಾದ್ರಿಗಳು ಕಟ್ಟಿದ ಮಠ ಅದು. ಆ ಹೊತ್ತಿಗೆ ನಮ್ಮಲ್ಲಿ ಟಿಪ್ಪು ಇನ್ನೂ ಬದುಕಿದ್ದ! ಬಿಳಿ ಬಣ್ಣದ ಚರ್ಚ್ ಮಾತ್ರ ಹಳೆಯದಲ್ಲ. ಮೊದಲಿನದು 1868ರ ಭೂಕಂಪದಲ್ಲಿ ಬಿದ್ದುಹೋಯಿತು. ಹೇವರ್ಡ್ ಬಿರುಕು ಅಂತ ಭೂಮಿಯೊಳಗಿನ ಒಂದು ಸೀಳು ಇಡೀ ಊರಿನ ಕೆಳಗೆ ಹಾದುಹೋಗಿದೆ. ಈಗಿರುವ ಚರ್ಚನ್ನು ಹಳೆಯದರ ಮಾದರಿಯಲ್ಲೇ ಮತ್ತೆ ಕಟ್ಟಿ, 1985ರಲ್ಲಿ ತೆರೆದರು. ಆದರೆ ಪಕ್ಕದಲ್ಲೇ ಪಾದ್ರಿಗಳು ಇರುತ್ತಿದ್ದ ಕಟ್ಟಡದ ಒಂದು ತುಂಡು ಉಳಿದಿದೆ. ಅದರ ಗೋಡೆ ಹಸಿ ಇಟ್ಟಿಗೆಯದು. ಮಣ್ಣಿಗೆ ಹುಲ್ಲು ಸೇರಿಸಿ, ತುಳಿದು, ಬಿಸಿಲಿಗೆ ಒಣಗಿಸಿದ ಇಟ್ಟಿಗೆ. ಒಳಗೆ ಕಾಲಿಟ್ಟ ಕೂಡಲೇ ತಂಪು. ನನಗೆ ಅಜ್ಜನ ಮನೆಯ ಪಡಸಾಲೆ ನೆನಪಾಗಿ ಸ್ವಲ್ಪ ಹೊತ್ತು ಸುಮ್ನೆ ಗೋಡೆಗೆ ಕೈಯಿಟ್ಟು ನಿಂತಿದ್ದೆ.

ಆ ಇಟ್ಟಿಗೆ ತುಳಿದವರು ಯಾರು? ಓಲೋನಿ ಜನ. ಸಾವಿರಾರು ವರ್ಷದಿಂದ ಅಲ್ಲಿದ್ದವರು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಹತ್ತಿರದ ಕಯೋಟಿ ಹಿಲ್ಸ್ ಗುಡ್ಡಗಳಲ್ಲಿ ಅವರ ಹಳ್ಳಿಯಿದ್ದ ಜಾಗವೊಂದಿದೆ, ಎರಡು ಸಾವಿರ ವರ್ಷಕ್ಕೂ ಹಳೆಯದು. ಪಾದ್ರಿಗಳು ಅವರನ್ನು ಮಠಕ್ಕೆ ಸೇರಿಸಿಕೊಂಡರು. ಸೇರಿದವರು ಬಿಟ್ಟು ಹೋಗುವ ಹಾಗಿರಲಿಲ್ಲ. ದಡಾರದಂಥ ಹೊಸ ರೋಗಗಳು ಬಂದು ಮನೆಮಂದಿಯನ್ನೆಲ್ಲ ಒಯ್ದವು. ಮಠದಿಂದ ಸ್ವಲ್ಪ ದೂರದಲ್ಲಿ, ವಾಷಿಂಗ್ಟನ್ ಬುಲೆವಾರ್ಡ್ ರಸ್ತೆಯ ಬದಿಗೆ ಅವರ ಸ್ಮಶಾನವಿದೆ. ನಾಲ್ಕು ಸಾವಿರ ಓಲೋನಿ ಜನ ಇಲ್ಲಿ ಮಲಗಿದ್ದಾರೆ ಎಂದು ಕಲ್ಲಿನ ಮೇಲೆ ಬರೆದಿದೆ. ಒಬ್ಬೊಬ್ಬರ ಹೆಸರಿನ ಕಲ್ಲುಗಳ ಸಾಲು ಅಲ್ಲಿಲ್ಲ. ಕಾರುಗಳು ಸರ್ರಂತ ಹೋಗುತ್ತಿರುತ್ತವೆ. ಕ್ಯಾಲಿಫೋರ್ನಿಯಾದ ಮಕ್ಕಳು ಮಿಷನ್‌ಗಳ, ಅಂದರೆ ಇಂಥ ಮಠಗಳ ಕಥೆಯನ್ನು ಶಾಲೆಯಲ್ಲಿ ಓದುತ್ತಾರೆ. ನಿಮ್ಮ ಮೊಮ್ಮಗ ಚರ್ಚಿನ ಚಿತ್ರ ಬರೆಯಲಿ, ಚೆನ್ನಾಗಿರುತ್ತದೆ. ಆದರೆ ಈ ಕಲ್ಲಿನ ಮಾತನ್ನೂ ಬರೆಯಲಿ. ಅದನ್ನು ಬಿಟ್ಟು ಊರಿನ ಕಥೆ ಹೇಳಿದರೆ ಸುಳ್ಳಾಗುತ್ತದೆ.

ಆಮೇಲೆ ನೈಲ್ಸ್. ಇದು ರೈಲಿನಿಂದ ಬೆಳೆದ ಊರು. 1869ರಲ್ಲಿ ಅಮೆರಿಕದ ಪೂರ್ವ ಪಶ್ಚಿಮ ಜೋಡಿಸುವ ರೈಲು ಹಳಿ ಪಕ್ಕದ ನೈಲ್ಸ್ ಕಣಿವೆಯಲ್ಲೇ ಇಳಿದು ಬಂತು. ಹಾಲಿವುಡ್ ಇನ್ನೂ ದೊಡ್ಡದಾಗುವ ಮೊದಲು, 1912ರಿಂದ 1916ರವರೆಗೆ, ಎಸನೇ ಎಂಬ ಕಂಪನಿ ಇಲ್ಲಿ ಮೂಕಿ ಚಿತ್ರಗಳನ್ನು ತೆಗೆಯಿತು. 1915ರಲ್ಲಿ ಚಾರ್ಲಿ ಚಾಪ್ಲಿನ್ ಕೂಡ ಇಲ್ಲಿ ಐದು ಚಿತ್ರ ಮಾಡಿದ. ಇವತ್ತಿಗೂ ಆ ಬೀದಿಯ ಹಳೇ ಚಿತ್ರಮಂದಿರದಲ್ಲಿ ಮೂಕಿ ಚಿತ್ರ ತೋರಿಸುತ್ತಾರೆ. ಪಕ್ಕದಲ್ಲಿ ಪಿಯಾನೋ ನುಡಿಸುತ್ತಾರೆ. ಭಾಷೆಯ ತೊಂದರೆಯೇ ಇಲ್ಲ, ನಿಮಗೂ ಮೊಮ್ಮಗನಿಗೂ ಒಂದೇ ಕಡೆ ನಗು ಬರುತ್ತದೆ.

ಮಲಗಲು ಬರುವ ಊರು ಎಂಬ ನಿಮ್ಮ ಮಾತು ನಾನು ಒಪ್ಪುವುದಿಲ್ಲ. ಇದು ದುಡಿಯಲು ಬಂದವರ ಊರೂ ಹೌದು. 1963ರಲ್ಲಿ ಜನರಲ್ ಮೋಟಾರ್ಸ್ ಇಲ್ಲಿ ಕಾರಿನ ಕಾರ್ಖಾನೆ ತೆರೆಯಿತು, 1982ರಲ್ಲಿ ಮುಚ್ಚಿತು. 1984ರಲ್ಲಿ ಟೊಯೋಟಾ ಜೊತೆ ಸೇರಿ ಮತ್ತೆ ಶುರುವಾಯಿತು. ಹಳೆಯ ಕೆಲಸಗಾರರನ್ನೇ ಬಹುಪಾಲು ವಾಪಸ್ ತೆಗೆದುಕೊಂಡರು. ಮೊದಲು ಕೆಟ್ಟ ಕಾರಿಗೆ ಹೆಸರಾಗಿದ್ದ ಜಾಗದಿಂದ, ಅದೇ ಕೈಗಳಿಂದ, ಒಳ್ಳೆಯ ಕಾರು ಹೊರಬಂತು. ತಪ್ಪು ಕೆಲಸಗಾರರದ್ದಲ್ಲ, ಕೆಲಸ ಮಾಡಿಸುವ ರೀತಿಯದ್ದು ಅನ್ನೋದು ಅಲ್ಲಿ ಗೊತ್ತಾಯಿತು. 2010ರಲ್ಲಿ ಅದೂ ನಿಂತಿತು. ಈಗ ಅದೇ ಜಾಗದಲ್ಲಿ ಟೆಸ್ಲಾ ಇದೆ.

ಜನದ ವಿಷಯಕ್ಕೆ ಬರುತ್ತೇನೆ. 1960ರಲ್ಲಿ ಊರಿನ ಜನಸಂಖ್ಯೆ 43,790. 2020ರ ಹೊತ್ತಿಗೆ 2,30,504. ನೂರಕ್ಕೆ ಅರವತ್ತಕ್ಕೂ ಜಾಸ್ತಿ ಜನ ಏಷ್ಯಾ ಮೂಲದವರು. ನಮ್ಮವರು ಬಂದದ್ದು ಈಚೆಗೆ. ಮೊದಲು ತೋಟಗಳಲ್ಲಿ ದುಡಿದವರಲ್ಲಿ ಪೋರ್ಚುಗೀಸರು, ಮೆಕ್ಸಿಕನ್ನರು, ಜಪಾನಿನವರು ಇದ್ದರು. ಜಪಾನಿ ಕುಟುಂಬಗಳನ್ನು 1942ರಲ್ಲಿ, ಜಪಾನ್ ಜೊತೆ ಯುದ್ಧ ನಡೆಯುವಾಗ, ಸರ್ಕಾರವೇ ಮನೆ ಬಿಡಿಸಿ ಶಿಬಿರಗಳಿಗೆ ಕಳಿಸಿತು. ಈಗ ಫ್ರೀಮಾಂಟಿನಲ್ಲಿ ಗುರುದ್ವಾರ ಇರುವ ರಸ್ತೆಗೆ ಗುರುದ್ವಾರ ರೋಡ್ ಎಂದೇ ಹೆಸರು. ಇನ್ನೊಂದು ಕಡೆ ಮಸೀದಿ ಮತ್ತು ಚರ್ಚ್ ಅಕ್ಕಪಕ್ಕ ಕಟ್ಟಿಕೊಂಡು, ಆ ಬೀದಿಗೆ ಪೀಸ್ ಟೆರೇಸ್ ಎಂದು ಹೆಸರಿಟ್ಟಿದ್ದಾರೆ. ಅಂದರೆ ಶಾಂತಿಯ ಬೀದಿ.

ಪತ್ರದ ಕೊನೆಯಲ್ಲಿ ನೀವು ಬರೆದ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಸಂಜೆ ಲೇಕ್ ಎಲಿಜಬೆತ್ ಕೆರೆ ಏರಿಯ ಬೆಂಚಿನ ಮೇಲೆ ಅಫ್ಘಾನಿಸ್ತಾನದ ಒಬ್ಬ ಅಜ್ಜಿ ನಿಮ್ಮ ಪಕ್ಕ ಬಂದು ಕೂರುತ್ತಾರೆ, ನಗುತ್ತಾರೆ, ಮಾತಿಲ್ಲ ಎಂದಿದ್ದೀರಿ. 1979ರಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿದ ಮೇಲೆ ಊರು ಬಿಟ್ಟ ಎಷ್ಟೋ ಕುಟುಂಬಗಳು ಫ್ರೀಮಾಂಟಿಗೆ ಬಂದವು. ಆಮೇಲೂ ಬರುತ್ತಲೇ ಇದ್ದಾರೆ. ಸೆಂಟರ್‌ವಿಲ್ ಭಾಗಕ್ಕೆ ಲಿಟಲ್ ಕಾಬೂಲ್ ಎಂಬ ಹೆಸರೇ ಬಿದ್ದಿದೆ. ಅಲ್ಲಿ ಮಾರುದ್ದದ ನಾನ್ ಬಿಸಿಬಿಸಿ ಸಿಗುತ್ತದೆ. ನೀವು ಆರು ತಿಂಗಳಿಗೆ ಹೋದವರು, ವಾಪಸ್ ಟಿಕೆಟ್ ಕೈಯಲ್ಲಿದೆ. ಆಕೆಯ ಕೈಯಲ್ಲಿ ಅದು ಇರಲಿಕ್ಕಿಲ್ಲ.

ಮಾತೇ ಇಲ್ಲ ಅಂದುಕೊಳ್ಳಬೇಡಿ, ಟೀಚರ್. ಅಫ್ಘಾನಿಸ್ತಾನದಲ್ಲಿ ಜಾಸ್ತಿ ಆಡುವ ದರಿ ಭಾಷೆ ಪಾರ್ಸಿಯ, ಅಂದರೆ ಪರ್ಷಿಯನ್ ಭಾಷೆಯ ಒಂದು ರೂಪ. ನಮ್ಮ ಕನ್ನಡಕ್ಕೂ ಪಾರ್ಸಿಯಿಂದ ಎಷ್ಟೋ ಮಾತು ಬಂದಿವೆ. ಬಾಜಾರ, ಮೈದಾನ, ಗುಲಾಬಿ, ಬಾದಾಮಿ, ಪಿಸ್ತಾ. ನಿಮ್ಮ ಕಡೆ ಇನ್ನೂ ಬಳಸುವ ದವಾಖಾನೆ ಕೂಡ. ನಾಳೆ ಸಂಜೆ ಒಂದು ಹಿಡಿ ಬಾದಾಮಿ ತೆಗೆದುಕೊಂಡು ಹೋಗಿ. ಅಂಗೈ ಮೇಲಿಟ್ಟು ಹೆಸರು ಹೇಳಿ. ಆಕೆ ‘ಬಾದಾಂ’ ಅನ್ನುತ್ತಾರೆ ನೋಡಿ. ಮೊಮ್ಮಗನೂ ಜೊತೆಗೆ ಬರಲಿ, ಪೆನ್ಸಿಲ್ ಮತ್ತು ನೋಟ್‌ಬುಕ್ ಹಿಡಿದುಕೊಂಡು.

ಅವನು ಬರೆದದ್ದನ್ನು ನಮಗೂ ಕಳಿಸಿಕೊಡಿ. ನೀವೇ ಕನ್ನಡಕ್ಕೆ ಮಾಡಿ ಕಳಿಸಿದರೆ ಮಕ್ಕಳ ಪುಟದಲ್ಲಿ ಹಾಕುತ್ತೇವೆ.

– ಸಂಪಾದಕ