ತೂಕ ಇಲ್ಲದ ಜಾಗ ಜೀವಕೋಶಕ್ಕೆ ಗೊತ್ತಾಗುತ್ತಾ?

ಬಾಹ್ಯಾಕಾಶದಲ್ಲಿ ತೂಕ ಇಲ್ಲ ಅಂತ ನಮ್ಮಂಥ ಪ್ರಾಣಿಗಳ ಒಂದೊಂದು ಜೀವಕೋಶಕ್ಕೂ ಗೊತ್ತಾಗುತ್ತಾ, ಹೊಂದಿಕೊಳ್ಳಲು ಎಷ್ಟು ದಿನ ಬೇಕು ಅಂತ ಕೇಳಿದ್ದೀರಿ. ಗೊತ್ತಾಗುತ್ತದೆ. ದಿನದ ಲೆಕ್ಕ ಮಾತ್ರ ಒಂದೊಂದು ಕೋಶಕ್ಕೆ ಒಂದೊಂದು ಥರ. ಕೆಲವಕ್ಕೆ ಒಂದು ನಿಮಿಷವೂ ಬೇಡ.

ನಾನು ಮಂಗಳೂರಿನ ದೇರಳಕಟ್ಟೆಯ ಒಂದು ಲ್ಯಾಬಿನಲ್ಲಿ ಕೋಶ ಬೆಳೆಸುವ ಕೆಲಸ ಮಾಡುತ್ತೇನೆ. ಬೆಳಿಗ್ಗೆ ಫ್ಲಾಸ್ಕನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕೋಶಗಳು ತಳ ಕಚ್ಚಿಕೊಂಡು, ಕೈಕಾಲು ಚಾಚಿ ಚಪ್ಪಟೆ ಮಲಗಿರುತ್ತವೆ. ಆ ಆಕಾರ ಹಿಡಿದಿಡುವುದು ಒಳಗಿನ ಆಕ್ಟಿನ್ ಎಂಬ ಪ್ರೋಟೀನ್ ಎಳೆಗಳು. ಚಪ್ಪರದ ಹಗ್ಗ ಇದ್ದ ಹಾಗೆ, ಬಿಗಿ ಇದ್ದರೇ ಕೆಲಸ. ಭಾರ ಹೋದರೆ ಈ ಎಳೆಗಳ ಜೋಡಣೆ ಬದಲಾಗುತ್ತದೆ. ಹಲವು ಕೋಶಗಳು ಉರುಟಾಗಿ, ತಳ ಬಿಟ್ಟು, ಒಂದಕ್ಕೊಂದು ಅಂಟಿ ಉಂಡೆ ಕಟ್ಟುತ್ತವೆ.

ಅಂದ ಹಾಗೆ, ಅಲ್ಲಿ ಗುರುತ್ವ ಇಲ್ಲ ಅನ್ನುವುದು ತಪ್ಪು. ಬಾಹ್ಯಾಕಾಶ ನಿಲ್ದಾಣ ಇರುವ 400 ಕಿ.ಮೀ. ಎತ್ತರದಲ್ಲೂ ನೆಲದ ಗುರುತ್ವದ ಸುಮಾರು 90 ಪರ್ಸೆಂಟ್ ಇದೆ. ಎಲ್ಲವೂ ಒಟ್ಟಿಗೆ ಬೀಳುತ್ತಲೇ ಇರುವುದರಿಂದ ತೂಕ ತಿಳಿಯುವುದಿಲ್ಲ. ಜಾತ್ರೆಯ ತೊಟ್ಟಿಲು ಇಳಿಯುವಾಗ ಹೊಟ್ಟೆ ಝುಂ ಅನ್ನುತ್ತದಲ್ವಾ, ಅದೇ, ನಿಲ್ಲದೆ.

ನನಗೆ ತುಂಬಾ ಇಷ್ಟವಾದ ಪ್ರಯೋಗ ಇಲಿಯ ಶ್ವಾಸಕೋಶದ ಮ್ಯಾಕ್ರೋಫೇಜ್‌ಗಳದ್ದು. ಇವು ರೋಗಾಣು ನುಂಗಿ, ಆಮ್ಲಜನಕದ ಖಾರದ ಕಣಗಳಿಂದ ಅದನ್ನು ಸುಡುವ ಕೋಶಗಳು. ನಿಲ್ದಾಣದಲ್ಲಿ ತೂಕ ಹೋದ ಕೂಡಲೇ ಈ ಸುಡುವ ಕೆಲಸ ಕುಗ್ಗಿತು. ಆಮೇಲೆ ಬರೀ 42 ಸೆಕೆಂಡಿನಲ್ಲಿ ಮೊದಲಿನ ಹಾಗೆ! 2017ರಲ್ಲಿ ಪ್ರಕಟವಾದ ಫಲಿತಾಂಶ ಇದು. ಆದರೆ 1983ರಲ್ಲೇ ಶಟಲ್ ನೌಕೆಯೊಳಗಿನ ಪ್ರಯೋಗಾಲಯ ಸ್ಪೇಸ್‌ಲ್ಯಾಬ್‌ನಲ್ಲಿ ಕೊಗೋಲಿ ಎಂಬ ವಿಜ್ಞಾನಿ ಮನುಷ್ಯರ ರಕ್ತದ ಬಿಳಿ ಕೋಶಗಳಾದ ಲಿಂಫೋಸೈಟ್‌ಗಳನ್ನು ಪರೀಕ್ಷಿಸಿದ್ದರು. ಅವುಗಳನ್ನು ಎಬ್ಬಿಸಲು ಔಷಧ ಹಾಕಿದರೂ ನೆಲದಲ್ಲಿ ಎಚ್ಚರಗೊಳ್ಳುವುದಕ್ಕಿಂತ 90 ಪರ್ಸೆಂಟಿಗೂ ಹೆಚ್ಚು ಕಡಿಮೆ ಎಚ್ಚರಗೊಂಡವು. ಎರಡೂ ರೋಗದ ವಿರುದ್ಧ ಕಾದಾಡುವ ಕೋಶಗಳೇ, ಆದರೂ ಒಂದು ಸೆಕೆಂಡುಗಳಲ್ಲಿ ಚೇತರಿಸಿತು, ಇನ್ನೊಂದು ಮಂಕಾಯಿತು, ನೋಡಿ.

ಇನ್ನು ಹೊಂದಿಕೊಂಡರೆ ಒಳ್ಳೆಯದೇ ಅಂತೇನಿಲ್ಲ. ಭಾರ ಹೊರುವುದು ಬೇಡವಾದಾಗ ಮೂಳೆ ಕಟ್ಟುವ ಕೋಶಗಳು ನಿಧಾನಿಸುತ್ತವೆ, ಕರಗಿಸುವ ಕೋಶಗಳು ಚುರುಕಾಗುತ್ತವೆ. ಅವುಗಳ ಲೆಕ್ಕದಲ್ಲಿ ಅದು ಸರಿಯೇ. ಗಗನಯಾತ್ರಿಯ ಸೊಂಟದ ಮೂಳೆ ಮಾತ್ರ ತಿಂಗಳಿಗೆ 1ರಿಂದ 1.5 ಪರ್ಸೆಂಟ್ ಸವೆಯುತ್ತದೆ.

ನೆಲದಲ್ಲೇ ಪರೀಕ್ಷಿಸಲು ಕ್ಲೈನೋಸ್ಟ್ಯಾಟ್ ಅಂತ ಇದೆ. ಕೋಶಗಳನ್ನು ನಿಧಾನ ತಿರುಗಿಸುತ್ತಾ, 'ಕೆಳಗೆ' ಯಾವ ಕಡೆ ಅಂತ ತಿಳಿಯದ ಹಾಗೆ ಮಾಡುತ್ತದೆ. ಎಂಎಸ್ಸಿಯಲ್ಲಿ ನಾನೂ ಸಣ್ಣ ಮೋಟಾರಿಟ್ಟು ಒಂದು ಮಾಡಿದ್ದೆ. ಮರುದಿನ ನೋಡಿದರೆ ಕೋಶಗಳೆಲ್ಲ ಕಿತ್ತುಹೋಗಿದ್ದವು. ಓಹೋ, ಮೈಕ್ರೋಗ್ರಾವಿಟಿಯ (ತೂಕ ಇಲ್ಲದ ಸ್ಥಿತಿಯ) ಪರಿಣಾಮ ಅಂತ ಅರ್ಧ ದಿನ ಬೀಗಿದೆ. ಆಮೇಲೆ ಕಂಡಿತು, ಒಳಗೆ ಕಡಲೆಯಷ್ಟು ಗಾಳಿಗುಳ್ಳೆ. ತಿರುಗಿದಾಗಲೆಲ್ಲ ಅದು ಕೋಶಗಳನ್ನು ಗುಡಿಸುತ್ತಿತ್ತು. ನೀವು ಮಾಡುವುದಾದರೆ ದ್ರವವನ್ನು ಬಾಯಿವರೆಗೆ ತುಂಬಿಸಿ.