ನೆಲನೆಲ್ಲಿಗೆ ಕಾಮಾಲೆ ಹೋಗುತ್ತಾ?

ಓದುಗರ ಪತ್ರ: ನಮ್ಮಜ್ಜಿ ನೆಲನೆಲ್ಲಿ ಅರೆದು, ಮಜ್ಜಿಗೆಯಲ್ಲಿ ಕದಡಿ, ಬರಿಹೊಟ್ಟೆಗೆ ಮೂರು ದಿನ ಕೊಡುತ್ತಿದ್ದರು. ಊರಲ್ಲಿ ಎಷ್ಟೋ ಜನರ ಕಾಮಾಲೆ ವಾಸಿಯಾಗಿದೆ. ಡಾಕ್ಟರ ಹತ್ತಿರ ಹೇಳಿದರೆ ಬೈಯುತ್ತಾರೆ. ಇದು ಮೂಢನಂಬಿಕೆಯಾ?

ಸಂಪಾದಕರ ಉತ್ತರ: ಹಾಗೆ ಹೇಳಲು ನನಗೆ ಮನಸ್ಸು ಬರುವುದಿಲ್ಲ. ನಿಮ್ಮಜ್ಜಿ ಕಿತ್ತು ತರುತ್ತಿದ್ದ ಗಿಡವನ್ನು ದೊಡ್ಡ ವಿಜ್ಞಾನಿಗಳೇ ಪರೀಕ್ಷೆಗೆ ಹಚ್ಚಿದ್ದಾರೆ, ಅದೂ ಪಕ್ಕದ ಮದ್ರಾಸಿನಲ್ಲಿ. ಯಕೃತ್ತಿಗೆ ತಗಲಿ ಕಾಮಾಲೆ ತರುವ ಹೆಪಟೈಟಿಸ್ ಬಿ ವೈರಸ್ ಮೈಯಲ್ಲೇ ಉಳಿದುಬಿಟ್ಟವರಿಗೆ ತ್ಯಾಗರಾಜನ್ ಮತ್ತು ಸಂಗಡಿಗರು ನೆಲನೆಲ್ಲಿ ಪುಡಿ ಕೊಟ್ಟರು. ಸಲಕ್ಕೆ 200 ಮಿಲಿಗ್ರಾಂ, ದಿನಕ್ಕೆ ಮೂರು ಸಲ, 30 ದಿನ. ಪುಡಿ ತಿಂದ 37 ಜನರಲ್ಲಿ 22 ಜನರ ರಕ್ತದಲ್ಲಿ ವೈರಸ್ಸಿನ ಗುರುತು ಕಾಣದಾಯಿತು. ಮದ್ದಿಲ್ಲದ ಪುಡಿ ತಿಂದ 23 ಜನರಲ್ಲಿ ಒಬ್ಬರಿಗೆ ಮಾತ್ರ ಹಾಗಾಯಿತು. 1988ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇದು ಬಂತು. ಆ ವೈರಸ್ ಕಂಡುಹಿಡಿದ ಬ್ಲೂಮ್‌ಬರ್ಗ್ ಕೂಡ ಅದನ್ನು ಬರೆದವರಲ್ಲೊಬ್ಬರು.

ಆದರೆ ಥಾಯ್ಲೆಂಡ್, ನ್ಯೂಜಿಲೆಂಡ್‌ಗಳಲ್ಲಿ ಪರೀಕ್ಷೆ ಮಾಡಿದಾಗ ಆ ಫಲ ಸಿಗಲಿಲ್ಲ. ನನಗೆ ಇದು ಬೇಸರದ ಸಂಗತಿಯೇ. ಆದರೂ ಮುಚ್ಚಿಡಬಾರದು, ಅಲ್ವಾ?

ಹಾಗಾದರೆ ಅಜ್ಜಿ ಕೈಯಲ್ಲಿ ವಾಸಿಯಾದವರು? ನಮ್ಮಲ್ಲಿ ಕಾಮಾಲೆ ಜಾಸ್ತಿ ಬರುವುದು ಕೆಟ್ಟ ನೀರಿನಿಂದ, ಹೆಪಟೈಟಿಸ್ ಎ ಮತ್ತು ಇ ವೈರಸ್ಸಿನಿಂದ. ಹೆಚ್ಚಿನವರಿಗೆ ಅದು ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಕಣ್ಣು ಹಳದಿಯಾದ ಮೇಲೆ ಅಜ್ಜಿ ಹತ್ತಿರ ಬರುತ್ತಾರೆ, ಮದ್ದು ಕುಡಿಯುತ್ತಾರೆ, ಎಣ್ಣೆ ಬಿಟ್ಟು ಪಥ್ಯ ಮಾಡುತ್ತಾರೆ, ಸುಮ್ನೆ ಮಲಗುತ್ತಾರೆ. ತಿಂಗಳೊಳಗೆ ಕಣ್ಣು ಬೆಳ್ಳಗಾಗುತ್ತದೆ. ಗುಣ ಮಾಡಿದ್ದು ಯಾವುದು ಅಂತ ಅಜ್ಜಿಗೂ ಗೊತ್ತಾಗುವ ದಾರಿಯಿರಲಿಲ್ಲ.

ಸರ್ಪಗಂಧ ಎಂಬ ಇನ್ನೊಂದು ನಾಟಿ ಮದ್ದಿನ ಗಿಡದ ಕಥೆ ಬೇರೆ. ಆ ಬೇರು ಕೊಟ್ಟು ಬಿಪಿ ಅಳೆದರೆ ಇಳಿದದ್ದು ಕಣ್ಣಿಗೇ ಕಾಣುತ್ತದೆ. ಮುಂಬೈಯ ಡಾಕ್ಟರ್ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಅದನ್ನು ಬರೆದು ತೋರಿಸಿದರು. 1952ರಲ್ಲಿ ಆ ಬೇರಿನಿಂದಲೇ ಬಿಪಿ ಇಳಿಸುವ ರೆಸರ್ಪಿನ್ ಎಂಬ ಮದ್ದನ್ನು ವಿಜ್ಞಾನಿಗಳು ಬೇರ್ಪಡಿಸಿದರು. ನಾಟಿ ಮದ್ದಿನಲ್ಲಿ ಹುರುಳಿದೆ ಅನ್ನಲು ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಕಾಮಾಲೆ ಬಂದವರು ಬಸುರಿಯಾಗಿದ್ದರೆ, ಅಥವಾ ಮಂಕಾಗಿ ತಪ್ಪು ತಪ್ಪು ಮಾತಾಡಿದರೆ, ರಕ್ತ ವಾಂತಿಯಾದರೆ, ಕಷಾಯ ಕುದಿಸುತ್ತಾ ಕೂರಬೇಡಿ. ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಉಳಿದವರಿಗೂ ರಕ್ತ ಪರೀಕ್ಷೆ ಬೇಕು. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡರೂ ಕಣ್ಣು ಹಳದಿಯಾಗುತ್ತದೆ. ಅದಕ್ಕೆ ಸೊಪ್ಪು ಏನು ಮಾಡೀತು?

ಇನ್ನು ನಿಮ್ಮಲ್ಲೊಂದು ಕೋರಿಕೆ. ಹಿತ್ತಲಲ್ಲಿ ನೆಲನೆಲ್ಲಿಯಂಥ ಗಿಡ ಒಂದೇ ಅಲ್ಲ. ಕಡ್ಡಿ ಎತ್ತಿ ಹಿಂದೆ ನೋಡಿ. ಒಂದರಲ್ಲಿ ಕಾಯಿ ನುಣುಪು, ಸಣ್ಣ ತೊಟ್ಟಿನಲ್ಲಿ ತೂಗುತ್ತದೆ. ಇನ್ನೊಂದರಲ್ಲಿ ಕಾಂಡ ಕೆಂಪು, ಕಾಯಿ ತರಿತರಿ, ಕಡ್ಡಿಗೇ ಅಂಟಿಕೊಂಡಿರುತ್ತದೆ. ಅಜ್ಜಿ ಯಾವುದನ್ನು ಕೀಳುತ್ತಿದ್ದರು? ನೆನಪಿದ್ದರೆ ಬೇರು ಸಮೇತ ಒಂದು ಗಿಡವನ್ನು ಹಳೇ ಪೇಪರಿನ ನಡುವೆ ಒತ್ತಿ ಒಣಗಿಸಿ ಕಳಿಸಿ. ಎಷ್ಟು ಹಿಡಿ, ಎಷ್ಟು ಮಜ್ಜಿಗೆ ಅಂತಲೂ ಬರೆಯಿರಿ.