ದಿಯುವಿನ ಖುಕ್ರಿ ಸ್ಮಾರಕಕ್ಕೆ ಅರ್ಧ ದಿನ ಕೊಡಬಹುದಾ?

ಸೋಮನಾಥ, ದ್ವಾರಕೆಗೆ ಹೊರಟಿದ್ದೀರಿ. ನಡುವೆ ಗುಜರಾತ್ ಕರಾವಳಿಗೆ ಅಂಟಿಕೊಂಡ, ಕೇಂದ್ರಾಡಳಿತದ ದಿಯುವಿನಲ್ಲಿ, 1971ರ ಯುದ್ಧದಲ್ಲಿ ಮುಳುಗಿದ ನಮ್ಮ ನೌಕಾಪಡೆಯ ಹಡಗು ಐಎನ್‌ಎಸ್ ಖುಕ್ರಿಯ ಸ್ಮಾರಕಕ್ಕೆ ಅರ್ಧ ದಿನ ಕೊಡಬಹುದಾ, ಹತ್ತು ವರ್ಷದ ಮಗನಿಗೆ ಅಲ್ಲಿ ನೋಡಲು ಏನಾದರೂ ಇದೆಯಾ ಎಂದು ಕೇಳಿದ್ದೀರಿ. ಖಂಡಿತ ಕೊಡಿ. ಆದರೆ ಮಗನಿಗೆ ಮೊದಲೇ ಕಥೆ ಹೇಳಿ ಕರೆದುಕೊಂಡು ಹೋಗಿ. ಕಥೆ ಗೊತ್ತಿಲ್ಲದೆ ಹೋದರೆ ಕಾಣುವುದು ಗಾಜಿನ ಮನೆಯೊಳಗೆ ಇಟ್ಟ ಹಡಗಿನ ಮಾದರಿ ಅಷ್ಟೇ. ನಾಲ್ಕು ಫೋಟೊ ತೆಗೆದು ಐದು ನಿಮಿಷದಲ್ಲಿ ವಾಪಸ್ ಬಂದವರನ್ನು ನಾನೇ ನೋಡಿದ್ದೇನೆ.

ನಾನು ಹೋಗಿದ್ದು ಅಪ್ಪನ ಜೊತೆ. ನಮ್ಮೂರು ಕುಮಟಾ ಹತ್ತಿರ. ಅಪ್ಪ ಮೂವತ್ತು ವರ್ಷ ಮೀನಿನ ಬೋಟಿನಲ್ಲಿ ದುಡಿದವರು. ಸೋಮನಾಥ ನೋಡಬೇಕು ಅನ್ನೋದು ಅವರ ಆಸೆ, ದಿಯು ನೋಡಬೇಕು ಅನ್ನೋದು ನನ್ನದು. ದಾರಿಯುದ್ದಕ್ಕೂ ಅವರಿಗೆ ಈ ಕಥೆ ಹೇಳಿದೆ. ನಿಮಗೂ ಅದನ್ನೇ ಹೇಳುತ್ತೇನೆ.

1971ರ ಡಿಸೆಂಬರ್. ಪಾಕಿಸ್ತಾನದ ಜೊತೆ ಯುದ್ಧ ನಡೆಯುತ್ತಿತ್ತು. ನಮ್ಮ ನೌಕಾಪಡೆ ಡಿಸೆಂಬರ್ 4ರ ರಾತ್ರಿ ಕರಾಚಿ ಮೇಲೆ ಕ್ಷಿಪಣಿ ದಾಳಿ ಮಾಡಿತ್ತು. ಅದೇ ಹೊತ್ತಿಗೆ ಪಾಕಿಸ್ತಾನದ ಹಂಗೋರ್ ಎಂಬ ಜಲಾಂತರ್ಗಾಮಿ ಸೌರಾಷ್ಟ್ರ ಕರಾವಳಿಯ ಆಚೆ ಸುಳಿದಾಡುತ್ತಿತ್ತು. ಅದರ ರೇಡಿಯೊ ಸಂಕೇತಗಳು ಸಿಕ್ಕವು. ಹುಡುಕಿ ಹೊಡೆಯಲು ಮುಂಬೈನಿಂದ ಖುಕ್ರಿ ಮತ್ತು ಕಿರ್ಪಾಣ್ ಎಂಬ ಎರಡು ಹಡಗುಗಳನ್ನು ಕಳಿಸಿದರು. ಜೊತೆಗೆ ಹೋಗಬೇಕಿದ್ದ ಮೂರನೆಯದು, ಕುಠಾರ್, ದುರಸ್ತಿಗೆ ನಿಂತಿತ್ತು. ಖುಕ್ರಿಯ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ. ಉತ್ತರ ಪ್ರದೇಶದ ಗೋರಖ್‌ಪುರದಲ್ಲಿ ಹುಟ್ಟಿದವರು, ಆಗ ವಯಸ್ಸು 45.

ಇದು ಸರಿಸಮಾನ ಹೋರಾಟ ಆಗಿರಲಿಲ್ಲ. ಹಂಗೋರ್ ಆ ಕಾಲಕ್ಕೆ ಹೊಸ ಜಲಾಂತರ್ಗಾಮಿ. ಫ್ರಾನ್ಸಿನಲ್ಲಿ ಕಟ್ಟಿದ್ದು. ನಮ್ಮ ಹಡಗುಗಳ ಸೋನಾರ್‌ಗೆ, ಅಂದರೆ ನೀರೊಳಗೆ ಇರುವುದನ್ನು ಸದ್ದಿನಿಂದ ಪತ್ತೆ ಹಚ್ಚುವ ಸಾಧನಕ್ಕೆ, ಅದು ಸಿಗುವ ಮೊದಲೇ, ದೂರದಿಂದ ನಮ್ಮ ಹಡಗುಗಳ ಸದ್ದು ಅದಕ್ಕೆ ಕೇಳುತ್ತಿತ್ತು. ಈ ಮಾತು ಹೇಳಿದಾಗ ಅಪ್ಪ ಕಾರಿನ ಕಿಟಕಿ ಏರಿಸಿ ನನ್ನ ಕಡೆ ತಿರುಗಿ ಕೂತರು.

ಡಿಸೆಂಬರ್ 9ರ ರಾತ್ರಿ, ಒಂಬತ್ತು ಗಂಟೆಗೆ ಸ್ವಲ್ಪ ಮೊದಲು ಹಂಗೋರ್ ಟಾರ್ಪಿಡೊ, ಅಂದರೆ ನೀರೊಳಗೇ ಸಾಗಿ ಹಡಗಿಗೆ ಬಡಿದು ಸಿಡಿಯುವ ಅಸ್ತ್ರ, ಬಿಟ್ಟಿತು. ಮೊದಲನೆಯದು ಕಿರ್ಪಾಣ್ ಕಡೆ ಹೋಯಿತು, ಸಿಡಿಯಲಿಲ್ಲ. ಎರಡನೆಯದು ಖುಕ್ರಿಗೆ ಬಡಿಯಿತು. ಕೆಲವೇ ನಿಮಿಷಗಳಲ್ಲಿ ಹಡಗು ಮುಳುಗಿತು. ಅಷ್ಟು ಕಡಿಮೆ ಹೊತ್ತಿನಲ್ಲಿ ಮುಲ್ಲಾ ಎಷ್ಟು ಜನರನ್ನು ಹೊರಗೆ ಕಳಿಸಲು ಆಗುತ್ತದೋ ಅಷ್ಟು ಜನರನ್ನು ಕಳಿಸಿದರು. ತಮ್ಮ ಲೈಫ್ ಜಾಕೆಟ್ ಬಿಚ್ಚಿ ಒಬ್ಬ ನಾವಿಕನಿಗೆ ಕೊಟ್ಟರು. ಇನ್ನೂ ಯಾರನ್ನಾದರೂ ಉಳಿಸಬಹುದಾ ಎಂದು ನೋಡಲು ಬ್ರಿಡ್ಜ್‌ಗೆ, ಅಂದರೆ ಹಡಗು ನಡೆಸುವ ಜಾಗಕ್ಕೆ, ವಾಪಸ್ ಹೋದರು. ಹಡಗಿನ ಜೊತೆಗೇ ಮುಳುಗಿದರು. ಅವರಿಗೆ ಮರಣೋತ್ತರ ಮಹಾವೀರ ಚಕ್ರ ಕೊಟ್ಟರು.

ಆ ರಾತ್ರಿ 18 ಅಧಿಕಾರಿಗಳು, 176 ನಾವಿಕರು ಹೋದರು. ಬದುಕಿ ಬಂದವರು 67 ಜನ. ಹಡಗನ್ನು ಮೇಲೆತ್ತಲೇ ಇಲ್ಲ. ದಿಯುವಿನಿಂದ ಸುಮಾರು 40 ನಾಟಿಕಲ್ ಮೈಲಿ, ಅಂದರೆ 74 ಕಿಲೋಮೀಟರ್ ಆಚೆ, ಇವತ್ತಿಗೂ ಸಮುದ್ರದ ತಳದಲ್ಲೇ ಇದೆ.

ಸ್ಮಾರಕ ದಿಯುವಿನಲ್ಲಿ ಯಾಕಿದೆ, ಮುಂಬೈಯಲ್ಲಿ ಯಾಕಿಲ್ಲ ಎನ್ನುವುದಕ್ಕೆ ಇದೇ ಉತ್ತರ. ಹಡಗು ಮುಳುಗಿದ ಜಾಗಕ್ಕೆ ಹತ್ತಿರದ ನೆಲ ಇದು. ಸಮುದ್ರಕ್ಕೆ ಮುಖ ಮಾಡಿದ ಚಿಕ್ಕ ಗುಡ್ಡದ ಮೇಲೆ ಸ್ಮಾರಕ ಕಟ್ಟಿದ್ದಾರೆ. 1999ರ ಡಿಸೆಂಬರ್‌ನಲ್ಲಿ ಉದ್ಘಾಟನೆ ಆಯಿತು. ಹಾಗಾಗಿ ಮಾದರಿ ನೋಡಿದ ಮೇಲೆ ತಿರುಗಿ ನಿಂತು ನೀರು ನೋಡಿ. ಆ 194 ಜನರಲ್ಲಿ ಹೆಚ್ಚಿನವರಿಗೆ ಬೇರೆ ಸಮಾಧಿ ಇಲ್ಲ, ಅಲ್ವಾ? ನನಗೆ ನಿಜವಾದ ಸ್ಮಾರಕ ಆ ನೀರೇ ಅನ್ನಿಸಿತು.

ಒಂದು ವಿಷಯದಲ್ಲಿ ಮಾತ್ರ ಗೊಂದಲ ಆಗಬಾರದು. ದಿಯುವಿನಲ್ಲಿ ಖುಕ್ರಿ ಹೆಸರಿನ ನಿಜವಾದ ಹಡಗೂ ಇದೆ. ಅದು ಮುಳುಗಿದ ಹಡಗಲ್ಲ. ಅದೇ ಹೆಸರಿಟ್ಟು ನಮ್ಮಲ್ಲೇ, ಮುಂಬೈನ ಮಜಗಾಂವ್ ಡಾಕ್‌ನಲ್ಲಿ ಕಟ್ಟಿದ ಕ್ಷಿಪಣಿ ಹಡಗು. 1989ರಲ್ಲಿ ಸೇವೆಗೆ ಸೇರಿ, 32 ವರ್ಷ ದುಡಿದು, 2021ರ ಡಿಸೆಂಬರ್‌ನಲ್ಲಿ ನಿವೃತ್ತಿ ಆಯಿತು. ಮರುವರ್ಷ ಗಣರಾಜ್ಯೋತ್ಸವದ ದಿನ ದಿಯು ಆಡಳಿತಕ್ಕೆ ವಹಿಸಿಕೊಟ್ಟರು, ವಸ್ತುಸಂಗ್ರಹಾಲಯ ಮಾಡಲು. ನಿಮ್ಮ ಮಗನಿಗೆ ಇದು ತುಂಬಾ ಇಷ್ಟ ಆಗುತ್ತದೆ. ಆದರೆ ಗುಡ್ಡದ ಸ್ಮಾರಕ ಮೊದಲು, ಹಡಗು ಆಮೇಲೆ. ಹಡಗು ನೋಡಿ ಕುಣಿದ ಹುಡುಗನನ್ನು ಆಮೇಲೆ ಗುಡ್ಡದ ಮೇಲೆ ಸುಮ್ನೆ ನಿಲ್ಲಿಸೋದು ಕಷ್ಟ.

ಸೋಮನಾಥದಿಂದ ಕಾರಿನಲ್ಲಿ ಸುಮಾರು ಎರಡು ಗಂಟೆ. ವಾರಾಂತ್ಯ ಬೇಡ. ಗುಜರಾತಿನಲ್ಲಿ ಪಾನನಿಷೇಧ ಇದೆ, ದಿಯುವಿನಲ್ಲಿ ಇಲ್ಲ. ಶನಿವಾರ, ಭಾನುವಾರ ಜನ ಜಾಸ್ತಿ, ಗಲಾಟೆಯೂ ಜಾಸ್ತಿ. ಮಧ್ಯಾಹ್ನ ಪೋರ್ಚುಗೀಸರ ಕೋಟೆ ನೋಡಿ, ಬಿಸಿಲು ಇಳಿದ ಮೇಲೆ ಸ್ಮಾರಕಕ್ಕೆ ಹೋಗಿ.

ನಾವೂ ಹಾಗೆ ಸಂಜೆಯೇ ಹೋಗಿದ್ದೆವು. ಅಪ್ಪ ಗಾಜಿನ ಮನೆ ಹತ್ತಿರ ಜಾಸ್ತಿ ಹೊತ್ತು ನಿಲ್ಲಲಿಲ್ಲ. ಚಪ್ಪಲಿ ಬಿಟ್ಟು ಸಮುದ್ರದ ಕಡೆ ಹೋಗಿ ನಿಂತರು. ನಮ್ಮ ಪಕ್ಕದ ಮನೆಯ ಚಿಕ್ಕಮ್ಮನ ಗಂಡ ಬೋಟು ಮಗುಚಿ ಹೋದವರು, ಸಿಗಲೇ ಇಲ್ಲ. ಚಿಕ್ಕಮ್ಮ ಪ್ರತಿ ವರ್ಷ ಆ ದಿನ ದಡಕ್ಕೆ ಹೋಗಿ ಅಲೆಗೆ ಹೂ ಬಿಟ್ಟು ಬರುತ್ತಾರೆ. ಅಪ್ಪ ಅದನ್ನು ನೆನೆಸಿಕೊಂಡು, "ಹೂ ತರಬೇಕಿತ್ತು ಮಗಾ" ಅಂದರು. ಸುತ್ತ ಹುಡುಕಿದೆ, ಆ ಹೊತ್ತಿಗೆ ಅಲ್ಲಿ ಎಲ್ಲೂ ಸಿಗಲಿಲ್ಲ. ನೀವು ಸೋಮನಾಥದಲ್ಲೇ ಒಂದು ಮೊಳ ತೆಗೆದುಕೊಂಡು ಹೋಗಿ.